ತಾಯಿಯ ಟಿಕೆಟ್ಟನ್ನು ಮಗಳು ತೆಗೆಸಿದ್ದು

ಅವಳಿಗೆ ತಡಿಯಕ್ಕ ಅನ್ನುವ ಹೆಸರು ಬಿದ್ದದ್ದು ಎರಡು ಕಾರಣಕ್ಕೆ. ಕೌಂಟರಿನ ಮುಂದೆ ಯಾರೇ ಬಂದು ನಿಲ್ಲಲಿ, ಎಷ್ಟೇ ಕುಣಿದಾಡಲಿ, ಅವಳ ಬಾಯಿಂದ ಮೊದಲು ಹೊರಡುವ ಮಾತು ‘ತಡಿ’. ದೊಡ್ಡವರಾದರೆ ‘ತಡೀರಿ’. ಅದು ಒಂದು ಕಾರಣ. ಇನ್ನೊಂದು, ಅವಳ ಕಸುಬೇ ಅಂಥದ್ದು. ಈ ತಡಿಯಲ್ಲಿರುವ ದುಡ್ಡನ್ನು ಆ ತಡಿಗೆ ದಾಟಿಸುವುದು. ಮಧ್ಯೆ ಹೊಳೆ ಇಲ್ಲ, ದೋಣಿ ಇಲ್ಲ, ಹುಟ್ಟು ಹಾಕುವವರೂ ಇಲ್ಲ. ಆದರೂ ದಾಟುತ್ತದೆ. ಅದನ್ನು ನೆನೆದರೆ ಅವಳಿಗೇ ಮೈ ಜುಮ್ಮೆನ್ನುತ್ತಿತ್ತು, ವರ್ಷಗಟ್ಟಲೆ ಅದೇ ಕೆಲಸ ಮಾಡಿದ ಮೇಲೂ.

ಮೊದಲು ಅವಳು ಬಸ್ ಕಂಡಕ್ಟರು. ಆಗ ಅವಳನ್ನು ನೋಡಬೇಕಿತ್ತು. ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲಿ ಹಿಂದಿನ ಬಾಗಿಲಿಂದ ಮುಂದಿನ ಬಾಗಿಲಿಗೆ ಸೂಜಿಯಲ್ಲಿ ದಾರ ಹೋದ ಹಾಗೆ ಹೋಗಿಬಿಡುತ್ತಿದ್ದಳು. ಯಾರು ಟಿಕೆಟ್ ತೆಗೆಸಿದ್ದಾರೆ, ಯಾರು ಕಿಟಕಿಯಾಚೆ ನೋಡುವ ನಾಟಕ ಮಾಡುತ್ತಿದ್ದಾರೆ ಅನ್ನುವುದು ಕುತ್ತಿಗೆ ಕಂಡರೇ ಅವಳಿಗೆ ತಿಳಿಯುತ್ತಿತ್ತು. ಆಮೇಲೆ ಮಂಡಿ ಕೈಕೊಟ್ಟಿತು. ನಿಂತರೆ ಕೂರಲಾಗದು, ಕೂತರೆ ಏಳಲಾಗದು. ಗಂಡ ಫ್ರಿಜ್ ರಿಪೇರಿಯವನು, ಮಾತು ಕಡಿಮೆ, ಕೈ ಮಾತ್ರ ಬಂಗಾರ. ತನ್ನ ಅಂಗಡಿಯಲ್ಲಿ ಅರ್ಧ ಬಿಟ್ಟುಕೊಟ್ಟ. ಅರ್ಧ ಅಂದರೆ ಎಷ್ಟು? ಇಬ್ಬರು ದಪ್ಪನೆಯವರು ಎದುರುಬದುರಾದರೆ ಒಬ್ಬರು ಹಿಂದೆ ಹಿಂದೆ ನಡೆದು ಬೀದಿಗೆ ಬರಬೇಕು, ಅಷ್ಟು. ಅದರಲ್ಲೇ ಒಂದು ಮೇಜು, ಎರಡು ಪರದೆಯ ಕಂಪ್ಯೂಟರು, ಬಂದವರಿಗೆ ಒಂದು ಬೆಂಚು, ಮೂಲೆಯಲ್ಲಿ ಅತ್ತೆಯ ಕುರ್ಚಿ.

ಅತ್ತೆಯನ್ನು ಬಿಟ್ಟು ಈ ಕತೆ ಹೇಳುವ ಹಾಗೇ ಇಲ್ಲ. ಮನೆಯಲ್ಲಿ ಒಬ್ಬಳೇ ಕೂತರೆ ಗೋಡೆ ಮಾತಾಡುವುದಿಲ್ಲ ಅಂತ ಮುದುಕಿ ದಿನಾ ಅಂಗಡಿಗೆ ಬರುತ್ತಿತ್ತು. ಬಾಗಿಲು ಕಿತ್ತ ಹಳೆಯ ಫ್ರಿಜ್ಜೊಂದು ಅದರ ಪಕ್ಕದಲ್ಲಿತ್ತು. ಹಾಲು ಮೊಸರು ಇಡುವ ಜಾಗದಲ್ಲೆಲ್ಲ ಉಲ್ಲನ್ನಿನ ಉಂಡೆಗಳು. ಮುದುಕಿ ಸ್ವೆಟರ್ ಹೆಣೆಯುತ್ತಲೇ ಇರುತ್ತಿತ್ತು. ಯಾರ ಅಳತೆಗೆ ಅಂತ ಕೇಳಿದರೆ, “ಯಾರಿಗೆ ಆಗತ್ತೋ ಅವರಿಗೆ” ಅನ್ನುತ್ತಿತ್ತು. ಸೊಸೆಯ ಕಸುಬಿಗೆ ಅದು ಇಟ್ಟ ಹೆಸರು ‘ಗಾಳಿ ದುಡ್ಡು’. ಆದರೆ ಬೇರೆ ಯಾರಾದರೂ ಹಾಗಂದರೆ ಸೂಜಿ ಎತ್ತಿಕೊಂಡು ಜಗಳಕ್ಕೆ ನಿಲ್ಲುತ್ತಿತ್ತು.

ಈ ಗಾಳಿ ದುಡ್ಡು ಏನು ಅನ್ನುವುದನ್ನು ತಡಿಯಕ್ಕ ಬಸ್ಸಿನ ಭಾಷೆಯಲ್ಲೇ ಹೇಳುತ್ತಿದ್ದಳು. ಬೇರೆ ಭಾಷೆ ಅವಳಿಗೆ ಬರುತ್ತಲೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಕಣ್ಣಿಗೆ ಕಾಣದ ಈ ನಾಣ್ಯಗಳಿಗೆ ಒಂದೊಂದಕ್ಕೂ ಓಡಾಡಲು ತನ್ನದೇ ದಾರಿ ಇರುತ್ತದೆ. ನೆಟ್‌ವರ್ಕ್ ಅನ್ನುವುದು ಅದಕ್ಕೇ. ಎಲ್ಲಕ್ಕಿಂತ ಹಳೆಯ ದೊಡ್ಡ ನಾಣ್ಯ ಬಿಟ್‌ಕಾಯಿನ್ನಿನ ದಾರಿಯಲ್ಲಿ ದೊಡ್ಡದೊಂದು ಬಸ್ಸು ಬರುತ್ತದೆ. ಸುಮಾರು ಹತ್ತು ನಿಮಿಷಕ್ಕೊಂದು. ಸುಮಾರು ಅಂದರೆ ಸುಮಾರೇ. ಒಮ್ಮೆ ಒಂದರ ಹಿಂದೆ ಒಂದು ಬಂದುಬಿಡುತ್ತವೆ, ಒಮ್ಮೆ ಗಂಟೆಗಟ್ಟಲೆ ದಾರಿ ಖಾಲಿ. ವೇಳಾಪಟ್ಟಿ ಇಲ್ಲ. ಸೀಟು ಇರುವುದು ಇಷ್ಟೇ. ಸ್ಟಾಪಿನಲ್ಲಿ ನಿಂತವರಲ್ಲಿ ಯಾರು ಜಾಸ್ತಿ ಚಾರ್ಜು ಕೊಡುತ್ತಾರೋ ಅವರಿಗೆ ಮೊದಲ ಸೀಟು. ಆ ಚಾರ್ಜಿಗೇ ಶುಲ್ಕ ಅನ್ನುವುದು. ಇನ್ನು ಡಾಲರಿನ ನಾಣ್ಯ ಅಂತ ಒಂದಿದೆ, ಅದರ ಬೆಲೆ ಏರದೆ ಇಳಿಯದೆ ಒಂದು ಡಾಲರಿಗೆ ಕಚ್ಚಿಕೊಂಡಿರುತ್ತದೆ. ಅದು ಮೂರು ನಾಲ್ಕು ದಾರಿಗಳಲ್ಲಿ ಓಡಾಡುತ್ತದೆ. ಒಂದು ದಾರಿಯಲ್ಲಿ ಟ್ಯಾಕ್ಸಿಯ ಹಾಗೆ ದುಬಾರಿ, ಇನ್ನೊಂದರಲ್ಲಿ ಸೈಕಲ್ಲಿನ ಹಾಗೆ ಅಗ್ಗ, ಆದರೆ ಗುಂಡಿನ ವೇಗ. ನಾಣ್ಯ ಒಂದೇ ಆದರೂ ದಾರಿ ತಪ್ಪಿಸಿ ಕಳಿಸಿದರೆ ಮುಗಿಯಿತು, ಯಾರೂ ಬಂದು ಕರೆದುಕೊಂಡು ಹೋಗದ ಸ್ಟಾಪಿನಲ್ಲಿ ಅದು ನಿಂತೇ ಇರುತ್ತದೆ.

ಜನರ ಹತ್ತಿರ ಒಂದು ದಾರಿಯ ದುಡ್ಡಿರುತ್ತಿತ್ತು, ಅವರು ಕೊಡಬೇಕಾದವರು ಇನ್ನೊಂದು ದಾರಿಯದನ್ನು ಕೇಳುತ್ತಿದ್ದರು. ಅದನ್ನು ತಡಿಯಕ್ಕ ತನ್ನ ಕಡೆ ತೆಗೆದುಕೊಂಡು, ಇದನ್ನು ತನ್ನ ಗಂಟಿನಿಂದ ಕೊಡುತ್ತಿದ್ದಳು. ಮಧ್ಯೆ ತನ್ನದೊಂದು ಚೂರು ಕಮಿಷನ್ನು. ಇಷ್ಟೇ ಕಸುಬು.

ಅಂಗಡಿಯಲ್ಲಿ ಎರಡು ಮಾತು ಬಹಳ ಮುಖ್ಯ. ‘ಬಂತು’ ಅಂದರೆ ದುಡ್ಡು ಸ್ಟಾಪಿಗೆ ಬಂದು ನಿಂತಿದೆ, ಪರದೆಯ ಮೇಲೆ ಕಾಣುತ್ತಿದೆ. ‘ಕೂತ್ಕೊಳ್ತು’ ಅಂದರೆ ಬಸ್ಸು ಬಂದು ಅದಕ್ಕೆ ಸೀಟು ಸಿಕ್ಕಿತು, ಲೋಕದ ಎಲ್ಲ ಯಂತ್ರಗಳೂ ಹೌದು ಅಂತ ತಲೆಯಾಡಿಸಿದವು, ಇನ್ನು ಅದನ್ನು ಎಬ್ಬಿಸುವವರಿಲ್ಲ. ಬಂದದ್ದು ವಾಪಸು ಹೋಗಬಹುದು. ಕೂತದ್ದು ಹೋಗುವುದಿಲ್ಲ. ಮೊದಲ ವರ್ಷ ಒಬ್ಬ ನಗುನಗುತ್ತಾ ಬಂದು, ಬರೀ ‘ಬಂತು’ ಅನ್ನುವಷ್ಟರಲ್ಲಿ ಅವಳಿಂದ ಎದುರು ದುಡ್ಡು ತೆಗೆದುಕೊಂಡು, ಹೊರಗೆ ಹೋಗಿ ತನ್ನದನ್ನು ಸ್ಟಾಪಿನಿಂದಲೇ ಹಿಂದಕ್ಕೆ ಕರೆಸಿಕೊಂಡಿದ್ದ. ಆ ಬರೆ ಮಾಯುವುದಕ್ಕೆ ಮನೆಯವರೆಲ್ಲ ಬಹಳ ದಿನ ಹೊಟ್ಟೆ ಬಟ್ಟೆ ಕಟ್ಟಬೇಕಾಯಿತು. ಅಂದಿನಿಂದ ಕೂರದ ದುಡ್ಡಿಗೆ ಅವಳು ಯಾರಿಗೂ, ಹೆತ್ತ ತಾಯಿಗೂ, ಎದುರು ದುಡ್ಡು ಕೊಟ್ಟವಳಲ್ಲ.

ಪರದೆಯಮ್ಮ ಬಂದದ್ದು ಒಂದು ಮಧ್ಯಾಹ್ನ, ಊಟವಾಗಿ ಬೀದಿಗೆ ಬೀದಿಯೇ ತೂಕಡಿಸುವ ಹೊತ್ತಿನಲ್ಲಿ. ನಾಟಕಶಾಲೆಗಳಿಗೆ ಪರದೆ ಹೊಲಿಯುವ ಹೆಂಗಸು. ಕಿಟಕಿಗೆ ಹಾಕುವ ಪರದೆಯಲ್ಲ. ಮೂರು ಆಳು ಎತ್ತರದ, ದಪ್ಪ ಮಖಮಲ್ಲಿನ, ಎಳೆದರೆ ಗುಡುಗಿದ ಹಾಗೆ ಸದ್ದಾಗುವ ಪರದೆ. ಅಂಥದ್ದನ್ನು ಮನೆಯ ಹೊಲಿಗೆ ಯಂತ್ರ ಹೊಲಿಯಲಾರದು, ಸೂಜಿ ಪಟ್ಟೆಂದು ಮುರಿಯುತ್ತದೆ. ಹಾಗಾಗಿ ಅಂಚನ್ನೆಲ್ಲ ಕೈಯಲ್ಲೇ ಹೊಲಿಯುತ್ತಿದ್ದಳು. ಹೊಲಿದೂ ಹೊಲಿದೂ ಅವಳ ಬಲಗೈ ಬೆರಳುಗಳು ಒಳಕ್ಕೆ ಬಾಗಿಬಿಟ್ಟಿದ್ದವು. ಲೋಟ ಹಿಡಿದರೆ ಬಿಡಿಸಿಕೊಳ್ಳಲು ಎಡಗೈ ಬೇಕಾಗುತ್ತಿತ್ತು. ಇನ್ನೊಂದು ದೊಡ್ಡ ಪರದೆ ಕೈಯಲ್ಲಿ ಹೊಲಿದರೆ ಈ ಬೆರಳು ಮತ್ತೆ ಬಿಚ್ಚುವುದಿಲ್ಲ ಅಂತ ಡಾಕ್ಟರು ಖಡಾಖಂಡಿತ ಹೇಳಿದ್ದರು.

ಅಷ್ಟರಲ್ಲಿ ಉದ್ದ ತೋಳಿನ, ಕ್ಯಾನ್‌ವಾಸನ್ನು ಬೆಣ್ಣೆಯ ಹಾಗೆ ಹೊಲಿಯುವ ಒಂದು ಹಳೆಯ ಯಂತ್ರ ಗೋದಾಮಿಗೆ ಬಂದಿದೆ ಅಂತ ಸುದ್ದಿ ಸಿಕ್ಕಿತು. ಹೋಗಿ ನೋಡಿ, ಬೆಲೆ ಮಾತಾಡಿ ಬಂದಿದ್ದಳು. ಅಂಥದ್ದು ಮಾರಾಟಕ್ಕೆ ಬರುವುದೇ ಅಪರೂಪ. ಗೋದಾಮಿನ ಸಾಹುಕಾರ ಹೊರದೇಶದಿಂದ ಹಳೆ ಯಂತ್ರ ತರಿಸುವವನು, ಅವನಿಗೆ ಬೇಕಾದದ್ದು ವೇಗದ ದಾರಿಯ ಡಾಲರ್ ನಾಣ್ಯ. ಪರದೆಯಮ್ಮನ ಹತ್ತಿರ ಇದ್ದದ್ದು ಬಿಟ್‌ಕಾಯಿನ್. ದೂರದ ಒಂದು ನಾಟಕಶಾಲೆಯವರು ಪರದೆ ಹೊಲಿದದ್ದಕ್ಕೆ ಅದರಲ್ಲೇ ಕೊಟ್ಟಿದ್ದರು. ಬೆಳಿಗ್ಗೆ ಫೋನಿನಲ್ಲೇ ತಡಿಯಕ್ಕ ದರ ಕಟ್ಟಿ, ಕಳಿಸಬೇಕಾದ ವಿಳಾಸ ಕೊಟ್ಟಿದ್ದಳು. “ಮಧ್ಯಾಹ್ನ ಮೂರರೊಳಗೆ ಕೂತರೆ ಈ ದರ. ಆಮೇಲೆ ಕೂತರೆ ಆ ಹೊತ್ತಿನ ದರ. ಕಳಿಸೋ ಮುಂಚೆ ಅಂಗಡಿಗೆ ಬಾ” ಅಂತಲೂ ಹೇಳಿದ್ದಳು.

ಬಾ ಅಂದರೆ ಬಂದಳು, ನಿಜ. ಆದರೆ ದಾರಿಯಲ್ಲೇ ಕಳಿಸಿಬಿಟ್ಟು ಬಂದಳು.

“ಅಕ್ಕಾ, ಕಳ್ಸಿಯೇ ಬಿಟ್ಟೆ!” ಅನ್ನುತ್ತಾ ಮೆಟ್ಟಿಲು ಹತ್ತಿದಳು. “ಸುಮ್ನೆ ಬಂದು ನಿಮ್ಮ ಟೈಮ್ ಯಾಕೆ ತಿನ್ಬೇಕು ಅಂತ. ನೋಡಿ, ಬಂತಾ?”

“ತಡಿ,” ಅಂದು ತಡಿಯಕ್ಕ ಪರದೆ ನೋಡಿದಳು. “ಹೂಂ. ಬಂತು.”

ಪರದೆಯಮ್ಮನಿಗೆ ಅಷ್ಟೇ ಸಾಕಾಯಿತು. ಫೋನು ಕಿವಿಗೆ ಹೋಯಿತು. “ಸಾಹುಕಾರ್ರೇ! ದುಡ್ಡು ಬಂತು! ಮಿಷನ್ನು ನಂದು, ಯಾರಿಗೂ ಮುಟ್ಟೋಕೆ ಬಿಡ್ಬೇಡಿ!”

ಫೋನಿನಲ್ಲಿ ಸಾಹುಕಾರನ ದನಿ ಬೆಂಚಿನವರೆಗೂ ಕೇಳಿಸಿತು. “ನಿಮ್ಮ ಹತ್ರ ಬಂದ್ರೆ ನನಗೇನಮ್ಮಾ? ನನ್ನ ಹತ್ರ ಬರ್ಲಿ. ಇಲ್ಲಿ ಟಾರ್ಪಾಲು ಹೊಲಿಯೋನೊಬ್ಬ ಬಂದು ಮಿಷನ್ನಿನ ಸುತ್ತ ಮೂರು ಸುತ್ತು ಹಾಕಿದ್ದಾನೆ. ನಾಲ್ಕು ಗಂಟೆ ತನಕ ನಿಮ್ಮ ಮಾತಿಗೆ ಮರ್ಯಾದೆ. ಆಮೇಲೆ ಅವನಿಗೆ ಕೊಟ್ಬಿಡ್ತೀನಿ.”

“ಇನ್ನೇನು, ಈಗ ಬಂತು ಅಂದ್ಕೊಳ್ಳಿ!” ಅಂದು ಫೋನಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು ಬೆಂಚಿನ ಮೇಲೆ ಕೂತಳು. ಆಗ ತಡಿಯಕ್ಕ ಕನ್ನಡಕ ಏರಿಸಿ ಪರದೆಯನ್ನು ಮತ್ತೆ ನೋಡುತ್ತಿದ್ದಳು. ಅವಳ ಮುಖ ಇಷ್ಟಗಲ ಇದ್ದದ್ದು ಇಷ್ಟೇ ಇಷ್ಟಾಯಿತು.

“ಚಾರ್ಜು ಎಷ್ಟಿಟ್ಟೆ?”

“ಯಾವ ಚಾರ್ಜು?”

“ಕಳಿಸೋವಾಗ ಕೇಳಿತ್ತಲ್ಲ, ಬೇಗ, ಮಧ್ಯಮ, ನಿಧಾನ ಅಂತ.”

“ಓ ಅದಾ!” ಪರದೆಯಮ್ಮನ ಮುಖ ಅರಳಿತು. “ಅದನ್ನ ಬೆರಳಲ್ಲಿ ಎಳೆದ್ರೆ ಕೆಳಗೆ ಬರ್ತಿತ್ತು ಅಕ್ಕ. ಎಳೆದೆ, ಎಳೆದೆ, ತಳ ಮುಟ್ಟೋ ತನಕ ಎಳೆದೆ. ಹೆಚ್ಚುಕಮ್ಮಿ ಪುಕ್ಕಟೆ! ಕೇಳಿದಷ್ಟೂ ಕೊಡೋಕೆ ನಾನೇನು ದಡ್ಡಿನಾ?”

ಹೊಲಿಗೆಯವಳಲ್ಲವೇ. ಗುಂಡಿ ಕೊಂಡರೂ, ದಾರದ ಉಂಡೆ ಕೊಂಡರೂ ಅಂಗಡಿಯವನನ್ನು ಅರೆದು ಕುಡಿದು ಬರುವ ಹೆಂಗಸು. ಚೌಕಾಸಿಯಲ್ಲಿ ಅವಳದು ಎತ್ತಿದ ಕೈ. ಆ ದಾರಿಯ ಜೊತೆಗೂ ಚೌಕಾಸಿ ಮಾಡಿದಳು. ಅಲ್ಲಿ ಅಂಗಡಿಯವನಿಲ್ಲ, ‘ಆಗಲ್ಲಮ್ಮ’ ಅನ್ನುವವರಿಲ್ಲ, ಕೊಟ್ಟಷ್ಟನ್ನು ಸುಮ್ಮನೆ ತೆಗೆದುಕೊಳ್ಳುತ್ತದೆ, ಸರತಿಯ ಕಟ್ಟಕಡೆಗೆ ನಿಲ್ಲಿಸುತ್ತದೆ ಅನ್ನುವುದು ಅವಳಿಗೆ ಹೇಗೆ ಗೊತ್ತಾಗಬೇಕು?

ತಡಿಯಕ್ಕ ಪರದೆಯನ್ನು ಅವಳ ಕಡೆ ತಿರುಗಿಸಿದಳು. “ನೋಡಿಲ್ಲಿ. ಇವತ್ತು ಸ್ಟಾಪಲ್ಲಿ ಜನವೋ ಜನ. ಎಲ್ರೂ ನಿನಗಿಂತ ಜಾಸ್ತಿ ಹಿಡ್ಕೊಂಡು ನಿಂತಿದ್ದಾರೆ. ನಿನ್ನ ದುಡ್ಡು ಅಲ್ಲಿ ಕೊನೇಲಿದೆ. ಹೀಗೇ ಬಿಟ್ರೆ ಇವತ್ತು ಕೂರಲ್ಲ. ನಾಳೆಯೂ ಡೌಟು.”

“ಬಂತು ಅಂದ್ರಲ್ಲ!”

“ಬಂತು ಅಂದೆ. ಕೂತ್ಕೊಳ್ತು ಅಂದ್ನಾ?”

ಪರದೆಯಮ್ಮ ಬಾಗಿದ ಬೆರಳುಗಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡಳು. “ಹಂಗಾರೆ ವಾಪಸ್ ಕರೀರಿ. ಜಾಸ್ತಿ ಕೊಟ್ಟು ಮತ್ತೆ ಕಳಿಸ್ತೀನಿ.”

“ನಿನ್ನ ಆ್ಯಪಲ್ಲಿ ಕರೆಸೋ ಬಟನ್ ಇದ್ರೆ ತಾನೆ? ಎಲ್ಲಿ, ಕೊಡು.” ತಡಿಯಕ್ಕ ಫೋನು ತೆಗೆದುಕೊಂಡು ಹಿಂದೆ ಮುಂದೆ ಎಲ್ಲ ತಡಕಾಡಿದಳು. ಇರಲಿಲ್ಲ. ನಾಟಕಶಾಲೆಯವರು ಹೇಳಿದ ಆ್ಯಪು, ಅಗ್ಗದ್ದು, ಕಳಿಸುವುದು ಬಿಟ್ಟು ಬೇರೇನೂ ಬಾರದು.

“ಆಫೀಸಿಗಾದ್ರೂ ಫೋನ್ ಮಾಡ್ರೇ,” ಅಂದಿತು ಮೂಲೆಯಿಂದ ಅತ್ತೆ. “ಯಾರಾದ್ರೂ ಮ್ಯಾನೇಜರ್ ಇರ್ತಾನಲ್ಲ. ಸೂಜಿ ಹಿಡಿದು ಬಾಗಿದ ಕೈ ಅಂತ ಹೇಳಿ. ಮನುಷ್ಯ ತಾನೆ, ಕೇಳ್ತಾನೆ.”

“ಆಫೀಸಿಲ್ಲ ಅತ್ತೆ.”

“ಆಫೀಸಿಲ್ದೆ ಇಷ್ಟು ದೊಡ್ಡ ಕಾರ್ಖಾನೆ ಯಾರು ನಡೆಸ್ತಾರೆ?”

“ಯಾರೂ ನಡೆಸಲ್ಲ. ನಡೀತದೆ.”

ಈ ಮಾತನ್ನು ತಡಿಯಕ್ಕ ಎಷ್ಟೋ ಸಲ ಎಷ್ಟೋ ಜನಕ್ಕೆ ಹೇಳಿದ್ದಳು, ನಗುತ್ತಾ ಹೇಳಿದ್ದಳು. ಅವತ್ತು ಅದು ಅವಳ ಬಾಯಿಂದ ಬಂದು ಅವಳ ಕಿವಿಗೇ ಬೇರೆ ಥರ ಕೇಳಿಸಿತು. ಬಸ್ಸಿನಲ್ಲಾದರೆ ಅವಳೇ ಇರುತ್ತಿದ್ದಳು. ಒಬ್ಬ ಬಾಣಂತಿ ಬಂದರೆ ಒಬ್ಬ ಗಂಡಸನ್ನು ಎಬ್ಬಿಸಿ ಸೀಟು ಕೊಡಿಸಬಹುದಿತ್ತು, ಕೈಯಲ್ಲಿ ಕಾಸಿಲ್ಲದ ಮುದುಕನನ್ನು ನೋಡಿಯೂ ನೋಡದ ಹಾಗೆ ಮುಂದೆ ಹೋಗಬಹುದಿತ್ತು. ಇಲ್ಲಿ ಕಂಡಕ್ಟರೇ ಇಲ್ಲ. ಯಾವ ದೇಶದಲ್ಲೋ, ಯಾವ ಶೆಡ್ಡಿನಲ್ಲೋ, ಸಾವಿರ ಸಾವಿರ ಯಂತ್ರಗಳು ಹಗಲೂ ರಾತ್ರಿ ಒಂದು ಅಂಕಿಯನ್ನು ಊಹಿಸುತ್ತಾ ಕೂತಿರುತ್ತವೆ. ಯಾವುದಕ್ಕೆ ಮೊದಲು ಹೊಳೆಯುತ್ತದೋ ಅದು ಬಸ್ಸು ತುಂಬಿ ಹೊರಡಿಸುತ್ತದೆ. ಅದಕ್ಕೆ ಪರದೆಯಮ್ಮನ ಬೆರಳು ಕಾಣುವುದಿಲ್ಲ. ಯಾರ ಬೆರಳೂ ಕಾಣುವುದಿಲ್ಲ. ಆಕಾಶದ ಹತ್ತಿರ ಮಾತಾಡಿದ ಹಾಗೆ.

“ನಿಮ್ಮ ಕೈಯಿಂದ ಕೊಡಿ ಅಂತ ನಾನು ಕೇಳಲ್ಲ ಅಕ್ಕ,” ಅಂದಳು ಪರದೆಯಮ್ಮ, ನೆಲ ನೋಡುತ್ತಾ. “ನಿಮ್ಮ ಕತೆ ಗೊತ್ತು ನನಗೆ.”

ಕೇಳಿದ್ದರೆ ತಡಿಯಕ್ಕ ಏನು ಮಾಡುತ್ತಿದ್ದಳೋ. ಕೇಳದೆ ಇದ್ದದ್ದೇ ಅವಳನ್ನು ಚುಚ್ಚಿತು. ಎದ್ದು, ಮಂಡಿ ಹಿಡಿದುಕೊಂಡು, ಮೇಜಿನಿಂದ ಬಾಗಿಲಿಗೆ, ಬಾಗಿಲಿಂದ ಮೇಜಿಗೆ ನಡೆದಳು. ಆಚೆ ಅರ್ಧದಲ್ಲಿ ಗಂಡ ಕಂಪ್ರೆಸರಿಗೆ ಬೆಸುಗೆ ಹಾಕುತ್ತಿದ್ದ. ಬೀದಿಯಲ್ಲಿ ಒಂದು ಬಸ್ಸು ಬಂದು ನಿಂತಿತು. ಒಬ್ಬ ಹುಡುಗಿ ಬಾಗಿಲಿಗೆ ಜೋತುಬಿದ್ದು, ಕೆಳಗೆ ನಿಂತ ತಾಯಿಯನ್ನು ಕೈಹಿಡಿದು ಎಳೆದುಕೊಳ್ಳುತ್ತಾ, “ಇಬ್ಬರದೂ ನಾನೇ ಕೊಡ್ತೀನಿ, ಮೊದಲು ಅಮ್ಮನ್ನ ಹತ್ತಿಸ್ಕೊಳ್ಳಿ!” ಅಂತ ಕೂಗುತ್ತಿದ್ದಳು.

ತಡಿಯಕ್ಕ ನಿಂತಲ್ಲೇ ನಿಂತುಬಿಟ್ಟಳು. ಆಮೇಲೆ ಮಂಡಿ ನೋವನ್ನೂ ಮರೆತು ಕುರ್ಚಿಗೆ ಬಂದು ಕೂತಳು.

“ಒಂದು ದಾರಿ ಇದೆ. ಕೇಳಿ ಗೊತ್ತು, ನಾನು ಮಾಡಿ ಗೊತ್ತಿಲ್ಲ. ಪೇಟೇಲಿ ಇದೇ ಕಸುಬು ಮಾಡೋಳೊಬ್ಬಳು ಒಂದು ಸಲ ಹೇಳಿದ್ಲು. ಮಗು ಹೆತ್ತವರ ಚಾರ್ಜು ಕಟ್ಟೋದು ಅಂತಾರಂತೆ ಅದಕ್ಕೆ.”

“ಯಾರ ಮನೇಲಪ್ಪ ಅಂಥ ಮಗು ಇರೋದು!” ಅಂದಿತು ಅತ್ತೆ, ಸೂಜಿ ನಿಲ್ಲಿಸದೆ. ಆಚೆಯಿಂದ ಬೆಸುಗೆಯ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು.

“ಕೇಳು,” ಅಂದಳು ತಡಿಯಕ್ಕ. “ನಿನ್ನ ದುಡ್ಡು ಸ್ಟಾಪಲ್ಲಿ ನಿಂತಿದೆ. ಅದು ತಾಯಿ ಅನ್ಕೋ. ಕೈಯಲ್ಲಿ ಚಾರ್ಜಿಲ್ಲ. ಆದ್ರೆ ಅದು ಹೊರಟಿರೋದು ನನ್ನ ವಿಳಾಸಕ್ಕೆ. ಇನ್ನೂ ಕೂರದೆ ಇದ್ರೂ ಅದನ್ನ ಮುಂದಕ್ಕೆ ಕಳಿಸೋ ಹಕ್ಕು ನಂದು. ನಾನು ಅದೇ ದುಡ್ಡನ್ನ ನನ್ನದೇ ಇನ್ನೊಂದು ವಿಳಾಸಕ್ಕೆ ಕಳಿಸ್ತೀನಿ. ಅದು ಮಗಳು. ಮಗಳ ಕೈಲಿ ಇಬ್ಬರ ಚಾರ್ಜನ್ನೂ, ಮೇಲೆ ಇನ್ನಷ್ಟನ್ನೂ ಇಡ್ತೀನಿ. ಬಸ್ಸು ತುಂಬೋನು ಮಗಳ ದುಡ್ಡು ನೋಡ್ತಾನೆ, ಬಾಯಲ್ಲಿ ನೀರೂರ್ತದೆ. ಆದ್ರೆ ತಾಯಿ ಹತ್ತದೆ ಮಗಳು ಹತ್ತೋ ಹಾಗಿಲ್ಲ. ತಾಯಿಯೇ ಇಲ್ದೆ ಮಗಳೆಲ್ಲಿಂದ ಬರ್ತಾಳೆ? ಅದಕ್ಕೆ ಅವನೇ ತಾಯಿ ಕೈಹಿಡಿದು ಹತ್ತಿಸ್ಕೋತಾನೆ.”

ಪರದೆಯಮ್ಮ ಕಣ್ಣು ಪಿಳಿಪಿಳಿ ಬಿಟ್ಟಳು. “ಇನ್ನೂ ಬಂದೇ ಇಲ್ದ ದುಡ್ಡಲ್ಲಿ, ಅದರದ್ದೇ ಚಾರ್ಜು ಕೊಡೋದಾ?”

“ಹೂಂ.”

“ಹಂಗೂ ಉಂಟಾ!”

“ಉಂಟು. ಚಾರ್ಜು ಹೋಗೋದು ನಿನ್ನ ದುಡ್ಡಿಂದ. ಒಪ್ಪಿಗೆನಾ?”

ಪರದೆಯಮ್ಮ ಪರದೆಯ ಮೇಲಿನ ಅಂಕಿ ನೋಡಿದಳು. ಹಳೆಯ ಚಾಳಿ, ಬಾಯಿ ತಡೆಯಲಿಲ್ಲ. “ಸ್ವಲ್ಪ ಕಮ್ಮಿ ಇಟ್ರೆ ಆಗಲ್ವಾ?”

“ಅಯ್ಯೋ ನಿನ್ನ!” ಅಂತ ತಡಿಯಕ್ಕ ಹಣೆ ಚಚ್ಚಿಕೊಂಡಳು. ಅತ್ತೆ ಕಿಸಕ್ಕನೆ ನಕ್ಕಿತು. ಪರದೆಯಮ್ಮನೂ ನಕ್ಕಳು, ನಗುತ್ತಲೇ ಕಣ್ಣಲ್ಲಿ ನೀರು ಬಂತು. “ಇಡಿ ಅಕ್ಕ, ಇಡಿ. ನಾನು ಬಾಯಿಗೆ ಬೀಗ ಹಾಕ್ಕೋತೀನಿ.”

ತಡಿಯಕ್ಕ ಒಂದೊಂದು ಅಕ್ಷರವನ್ನೂ ಎರಡೆರಡು ಸಲ ನೋಡಿ ಬಟನ್ ಒತ್ತಿದಳು. ಪರದೆಯ ಮೇಲೆ ತಾಯಿಯ ಕೆಳಗೆ ಮಗಳು ಬಂದು ನಿಂತಳು.

ಒತ್ತಿ ಕೈ ತೆಗೆಯುವಷ್ಟರಲ್ಲೇ ಒಂದು ಬಸ್ಸು ಬಂತು. ಮೂವರೂ ಮುಂದಕ್ಕೆ ಬಾಗಿದರು. ತಡಿಯಕ್ಕ ಪಟ್ಟಿಯನ್ನೆಲ್ಲ ಹುಡುಕಿದಳು. ಇರಲಿಲ್ಲ. ಅದು ಆಗಲೇ ತುಂಬಿಕೊಂಡು ಹೊರಟಿದ್ದ ಬಸ್ಸು. ಇವರ ಮಗಳು ಸ್ಟಾಪಿಗೆ ಬಂದ ಸುದ್ದಿ ಅದಕ್ಕಿನ್ನೂ ಮುಟ್ಟಿರಲಿಲ್ಲ.

“ಮುಂದಿಂದು ಯಾವಾಗ?”

“ತಡಿ.”

“ಅಲ್ಲ ಅಕ್ಕ, ಅಂದಾಜಿಗೆ?”

“ಅಂದಾಜಿಗೆ ಹತ್ತು ನಿಮಿಷ. ಆದ್ರೆ ಅದು ಅಂದಾಜನ್ನ ಕೇಳಲ್ಲ.”

ಕೇಳಲಿಲ್ಲ. ಹತ್ತು ನಿಮಿಷ ಹೋಯಿತು, ಇನ್ನೊಂದು ಹತ್ತು ಹೋಯಿತು. ಕಟ್ಟಿದ್ದ ದರದ ಗಡುವು ಮುಗಿದು ಪರದೆಯ ಮೂಲೆಯಲ್ಲಿ ಹಸಿರಾಗಿದ್ದ ಅಂಕಿ ಬೂದಿ ಬಣ್ಣಕ್ಕೆ ತಿರುಗಿತು. ದರ ಸ್ವಲ್ಪ ಸ್ವಲ್ಪವೇ ಇಳಿಯುತ್ತಿತ್ತು. ತಡಿಯಕ್ಕ ಅದನ್ನು ಕಂಡು ಹೇಳಿದಳು. “ನಿನಗೆ ಬೆಳಿಗ್ಗೆ ಕೊಟ್ಟ ದರ ಈಗಿಲ್ಲ. ಸಾಹುಕಾರನ ಬೆಲೆಗೆ ಚೂರು ಕಮ್ಮಿ ಬೀಳ್ತದೆ. ಮೊದಲೇ ಹೇಳಿರ್ತೀನಿ.” ಪರದೆಯಮ್ಮ ತಲೆಯಾಡಿಸಿದಳು. ಅತ್ತೆ ಉಲ್ಲನ್ನಿನ ಉಂಡೆಯೊಂದನ್ನು ಅವಳ ಮಡಿಲಿಗೆ ಹಾಕಿ, “ಸುಮ್ನೆ ಕೂತ್ರೆ ಜೀವ ಹೋಗತ್ತೆ, ಸಿಕ್ಕು ಬಿಡಿಸು,” ಅಂದಿತು. ಬಾಗಿದ ಬೆರಳಿಗೆ ಎಳೆ ಸಿಗುತ್ತಿರಲಿಲ್ಲ. ಮುದುಕಿ ಅದನ್ನು ನೋಡಿ, ಉಂಡೆ ವಾಪಸು ತೆಗೆದುಕೊಂಡು, ಆ ಕೈಯನ್ನೇ ತನ್ನ ಮಡಿಲಲ್ಲಿಟ್ಟುಕೊಂಡು ತಿಕ್ಕತೊಡಗಿತು.

ಫೋನು ಬಡಿದುಕೊಂಡಿತು. ಸಾಹುಕಾರ. “ಏನಮ್ಮಾ, ಈಗ ಬಂತು ಈಗ ಬಂತು ಅಂತ ಗಂಟೆ ಆಯ್ತು. ಟಾರ್ಪಾಲಿನವನು ಕೈಗಾಡಿ ತರಿಸ್ತಿದ್ದಾನೆ.”

“ಬರ್ತಿದೆ ಸಾಹುಕಾರ್ರೇ...”

“ಎಲ್ಲಿದೆ?”

ಪರದೆಯಮ್ಮ ತಡಿಯಕ್ಕನ ಮುಖ ನೋಡಿದಳು. ಎಲ್ಲಿದೆ ಅಂತ ಹೇಳುವುದು? ಆ ದುಡ್ಡು ಈ ಅಂಗಡಿಯಲ್ಲಿರಲಿಲ್ಲ, ಆ ಫೋನಿನಲ್ಲೂ ಇರಲಿಲ್ಲ. ಲೋಕದ ಅಷ್ಟೂ ಯಂತ್ರಗಳಲ್ಲಿ ಒಂದೇ ಹೊತ್ತಿಗೆ ಇತ್ತು, ಎಲ್ಲೂ ಕೂರದೆ ಎಲ್ಲ ಕಡೆ ನಿಂತಿತ್ತು. ಮಂಜು ಬೀಳುವ ದೇಶದಲ್ಲಿ, ಮರಳಿನ ದೇಶದಲ್ಲಿ, ಸಮುದ್ರದ ನಡುವಿನ ಯಾವುದೋ ಹಡಗಿನಲ್ಲೂ ಇದ್ದೀತು. ಈ ಮೂವರು ಹೆಂಗಸರು ಉಸಿರು ಬಿಗಿಹಿಡಿದು ಕಾಯುತ್ತಿರುವ ಈ ತಾಯಿ ಮಗಳ ಸುದ್ದಿ ಅಲ್ಲೆಲ್ಲ ಹೋಗಿ ಮುಟ್ಟಿತ್ತು.

“ದಾರೀಲಿದೆ,” ಅಂದಳು ಪರದೆಯಮ್ಮ.

ಆಗ ಪರದೆ ಒಂದು ಸಲ ಕಣ್ಣು ಮಿಟುಕಿಸಿತು.

ತಡಿಯಕ್ಕ ಹೊಸ ಬಸ್ಸಿನ ಪಟ್ಟಿಯ ಮೇಲೆ ಬೆರಳಿಟ್ಟು ಇಳಿಸುತ್ತಾ ಹೋದಳು. ಸಾವಿರಾರು ಸಾಲು. ಯಾರ್ಯಾರದೋ ಸಂಬಳ, ಯಾರ್ಯಾರದೋ ಬಾಡಿಗೆ, ಹೆಸರಿಲ್ಲ, ಮುಖವಿಲ್ಲ. ಬೆರಳು ನಿಂತಿತು. ತಾಯಿ. ಅದರ ಬೆನ್ನಿಗೇ, ಸೆರಗು ಹಿಡಿದುಕೊಂಡು ಬಂದ ಹಾಗೆ, ಮಗಳು.

“ಕೂತ್ಕೊಳ್ತು,” ಅಂದಳು. ದೊಡ್ಡ ಮೊತ್ತವಾದರೆ ಹಿಂದೆ ಇನ್ನೂ ಒಂದೆರಡು ಬಸ್ಸು ಬರುವ ತನಕ ಕಾಯಬೇಕು, ಇಂಥ ಮೊತ್ತಕ್ಕೆ ಒಂದು ಬಸ್ಸು ಸಾಕು ಅಂತ ಅವಳ ಅಂಗಡಿಯ ಲೆಕ್ಕ. “ಕೂತ್ಕೊಳ್ತು ಕಣೇ! ಇಬ್ಬರೂ ಒಟ್ಟಿಗೆ!”

ಪರದೆಯಮ್ಮ ಎದ್ದು ನಿಂತು ಮತ್ತೆ ಕೂತಳು, ಮತ್ತೆ ಎದ್ದಳು. ಸಾಹುಕಾರ ಫೋನಿನಲ್ಲಿ ಇನ್ನೂ ಹಲೋ ಹಲೋ ಅನ್ನುತ್ತಿದ್ದ. ತಡಿಯಕ್ಕ ಆ ಹೊತ್ತಿನ ದರದಲ್ಲಿ ಬದಲಿಸಿ, ಬಂದ ಮೊತ್ತ ತೋರಿಸಿದಳು. ಸಾಹುಕಾರನ ಬೆಲೆಗೆ ಹೇಳಿದ ಹಾಗೇ ಚೂರು ಕಮ್ಮಿ. ಪರದೆಯಮ್ಮ ಅದನ್ನು ನೋಡಿದಳು, ಗಂಟಲು ಸರಿಮಾಡಿಕೊಂಡಳು. ಅಲ್ಲಿಂದ ಮುಂದೆ ಮಾತಾಡಿದವಳೇ ಬೇರೆ ಹೆಂಗಸು.

“ಸಾಹುಕಾರ್ರೇ, ದುಡ್ಡು ರೆಡಿ. ಆದ್ರೆ ಆ ಮಿಷನ್ನಿನ ಪೆಡಲ್ಲಿಗೆ ತುಕ್ಕು ಹಿಡಿದಿದೆ, ನಾನು ನೋಡಿಲ್ವಾ?... ತುಕ್ಕಲ್ದೆ ಮತ್ತೇನು, ಕುಂಕುಮನಾ?... ಬೆಲ್ಟು ಇನ್ನೇನು ಹರಿಯೋ ಹಾಗಿದೆ. ಟಾರ್ಪಾಲಿನವನಿಗೆ ಕೊಡ್ತೀರಾ, ಕೊಡಿ, ನಾಳೆ ಬೆಲ್ಟ್ ಹರಿದು ನಿಮ್ಮ ಬಾಗಿಲಿಗೆ ಬಂದು ಕೂಗಾಡ್ತಾನೆ, ನಾನಾದ್ರೆ ಕೂಗಾಡಲ್ಲ... ಇಷ್ಟಕ್ಕೆ ಕೊಡಿ. ಈಗಲೇ, ಫೋನ್ ಇಡೋ ಮುಂಚೆ ಕಳಿಸ್ತೀನಿ.”

ಆಚೆಯಿಂದ ಒಂದು ದೊಡ್ಡ ನಿಟ್ಟುಸಿರು. “ಕಳಿಸಮ್ಮಾ ತಾಯಿ. ನಿನ್ನ ಜೊತೆ ಮಾತಾಡೋ ಬದಲು ಕೊಡೋದೇ ವಾಸಿ.”

“ತಡೀರಿ,” ಅಂತ ತಡಿಯಕ್ಕ ಫೋನಿಗೆ ಬಾಗಿ ಹೇಳಿದಳು. “ಯಾವ ದಾರಿ ಅಂತ ಒಂದು ಸಲ ಬಾಯಿಬಿಟ್ಟು ಹೇಳಿ. ವಿಳಾಸದ ಮೊದಲ ನಾಲ್ಕು ಅಕ್ಷರ, ಕೊನೇ ನಾಲ್ಕು ಅಕ್ಷರ ಓದಿ.” ಅವನು ಓದಿದ. ತಾಳೆಯಾಯಿತು. ಆದರೂ ಮೊದಲು ಒಂದೇ ಒಂದು ಡಾಲರ್ ಕಳಿಸಿದಳು, ದಾರಿ ಸರಿ ಇದೆಯಾ ಅಂತ ನೋಡಲು.

“ಇದೇನಮ್ಮಾ, ಒಂದು ಡಾಲರ್ ಬಂತು! ಮಿಷನ್ನಿನ ಸೂಜಿ ಮಾತ್ರ ತಗೊಳ್ತೀರಾ?”

ಮಿಕ್ಕದ್ದನ್ನು ಕಳಿಸಿದಳು. ಮುಕ್ಕಾಲು ಮಧ್ಯಾಹ್ನ ಕಾದದ್ದು ಒಂದು ದಾರಿಗೆ, ಈ ದಾರಿಯಲ್ಲಿ ಅತ್ತೆ ಒಂದು ಹೆಣಿಗೆ ಹಾಕಿ ಮುಗಿಸುವಷ್ಟರಲ್ಲಿ ಸಾಹುಕಾರ, “ಬಂತು... ಹಾಂ, ಕೂತ್ಕೊಳ್ತು ಕೂಡ,” ಅಂದ. ತಡಿಯಕ್ಕನ ಮಾತು ಅವನಿಗೂ ಅಂಟಿಕೊಂಡಿತ್ತು.

ಫೋನಿಟ್ಟ ಮೇಲೆ ಪರದೆಯಮ್ಮ ಕಂಪ್ಯೂಟರಿನ ಹತ್ತಿರ ಬಂದು ಆ ಎರಡು ಸಾಲುಗಳನ್ನೇ ನೋಡುತ್ತಾ ನಿಂತಳು.

“ಇವರನ್ನ ಹತ್ತಿಸಿದ್ದು ಯಾರು ಅಕ್ಕ?”

“ಯಾರೋ.”

“ಯಾವ ಊರೋರು?”

“ಗೊತ್ತಿಲ್ಲ. ಯಾರಿಗೂ ಗೊತ್ತಾಗಲ್ಲ. ಅವರಿಗೂ ನಾವು ಗೊತ್ತಿಲ್ಲ. ದುಡ್ಡು ಕಂಡ್ರು, ಹತ್ತಿಸಿದ್ರು.”

“ಆದ್ರೂ,” ಅಂದಳು ಪರದೆಯಮ್ಮ. ಪರದೆಯ ಆ ಜಾಗವನ್ನು ಬಾಗಿದ ಬೆರಳಿನ ಹಿಂಭಾಗದಿಂದ ಮೆಲ್ಲಗೆ ಮುಟ್ಟಿದಳು, ಮಲಗಿದ ಮಗುವಿನ ಕೆನ್ನೆ ಮುಟ್ಟುವ ಹಾಗೆ. ಅತ್ತೆ ಅವತ್ತು ಗಾಳಿ ದುಡ್ಡು ಅನ್ನಲಿಲ್ಲ. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು, “ನನಗೂ ತೋರ್ಸೇ, ಮಗಳು ಯಾವುದು?” ಅಂದಿತು.

ಗೋದಾಮಿಗೆ ಎಲ್ಲರೂ ಹೋದರು. ಫ್ರಿಜ್ಜಿನವನು ತನ್ನ ಗಾಡಿ ತಂದ, ಫ್ರಿಜ್ ಕಟ್ಟುವ ಹಗ್ಗ ತಂದ. ಯಂತ್ರ ಒಂದು ಮೂಲೆಯಲ್ಲಿ ಕರ್ರಗೆ ಕೂತಿತ್ತು, ಉದ್ದನೆಯ ತೋಳು ಚಾಚಿಕೊಂಡು. ಸಾಹುಕಾರ, ಅವನ ಕೆಲಸದವರು, ಫ್ರಿಜ್ಜಿನವನು ಸೇರಿ ಎತ್ತಿದರೆ ಅದು ಇಂಚೂ ಅಲ್ಲಾಡಲಿಲ್ಲ. ಪೆಚ್ಚು ಮುಖ ಹಾಕಿಕೊಂಡು ಹೊರಟಿದ್ದ ಟಾರ್ಪಾಲಿನವನು ಬಾಗಿಲಲ್ಲಿ ನಿಂತು ನೋಡಿದ, ನೋಡಲಾರದೆ ಅಂಗಿಯ ತೋಳು ಮಡಚಿಕೊಂಡು ಬಂದ, “ಸರೀರಿ ಆ ಕಡೆ” ಅಂದು ತಾನೂ ಕೈ ಹಾಕಿದ. ಆಮೇಲೆ ಅಲ್ಲಾಡಿತು.

ತಡಿಯಕ್ಕ ಒಂದು ಪೆಟ್ಟಿಗೆಯ ಮೇಲೆ ಕೂತು, ಮಂಡಿ ನೀವಿಕೊಳ್ಳುತ್ತಾ, ಅಷ್ಟು ಜನ ಏದುಸಿರು ಬಿಡುತ್ತಾ ಹೊರುವುದನ್ನು ನೋಡುತ್ತಿದ್ದಳು. ಇಷ್ಟು ಭಾರದ್ದನ್ನು ಇಲ್ಲಿಂದ ಕದಲಿಸಿದ್ದು ಗುಲಗಂಜಿ ತೂಕವೂ ಇಲ್ಲದ ಎರಡು ಸಾಲು ಅನ್ನುವುದು ಅವಳಿಗೆ ಗೊತ್ತಿತ್ತು, ಗೊತ್ತಿದ್ದೂ ನಂಬಿಕೆ ಬರುತ್ತಿರಲಿಲ್ಲ. ಅವಳ ತೋಳಿನ ಮೇಲೆ ಕೂದಲು ನಿಮಿರಿ ನಿಂತಿತ್ತು.

ಪರದೆಯಮ್ಮನ ಮನೆಯ ಬಾಗಿಲಿಗೆ ಯಂತ್ರ ಹಿಡಿಸಲಿಲ್ಲ. ಅಡ್ಡ ಹಿಡಿದರು, ಉದ್ದ ಹಿಡಿದರು, ಒಬ್ಬೊಬ್ಬರು ಒಂದೊಂದು ಉಪಾಯ ಹೇಳಿ ಜಗಳವಾಡಿದರು. ಕೊನೆಗೆ ಫ್ರಿಜ್ಜಿನವನು ಒಂದೂ ಮಾತಾಡದೆ ಸ್ಕ್ರೂಡ್ರೈವರ್ ತೆಗೆದು ಬಾಗಿಲನ್ನೇ ಕೀಲಿನಿಂದ ಬಿಚ್ಚಿ ಗೋಡೆಗೆ ಒರಗಿಸಿದ. ಯಂತ್ರ ಒಳಗೆ ಹೋಯಿತು. ಪರದೆಯಮ್ಮ ದಪ್ಪ ಮಖಮಲ್ಲಿನ ಒಂದು ತುಂಡನ್ನು ನಾಲ್ಕು ಮಡಿಕೆ ಮಾಡಿ ಸೂಜಿಯ ಕೆಳಗಿಟ್ಟಳು, ಕಾಲಿಂದ ಪೆಡಲ್ ಒತ್ತಿದಳು. ಮನೆಯೆಲ್ಲ ನಡುಗಿತು. ಬಟ್ಟೆ ತಾನಾಗಿ ಮುಂದಕ್ಕೆ ನಡೆಯಿತು. ಅವಳು ಬಲಗೈಯನ್ನು ಮಡಿಲಲ್ಲಿ ಸುಮ್ಮನೆ ಮಲಗಿಸಿಕೊಂಡು, ಹೊಲಿಗೆ ಹೋಗುವುದನ್ನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು.